ಎಪ್ಪತ್ತು ದಿನದ ಚಿಗುರು

"ಏಯ್! ಯಾರ್ರೀ ಅದು ಮೇಲೆ? ಇಳೀರಿ... ಮೊದಲು ಕೆಳಗಿಳೀರಿ!"

ತನುಜಳ ಕೂಗಿಗೆ ಪಾರ್ಕಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಇಬ್ಬರು ಅಜ್ಜಂದಿರು ಬೆಚ್ಚಿ ಎದ್ದು ಕುಳಿತರು. ಮರದ ಮೇಲಿದ್ದವನು ಮಾತ್ರ ಅಲ್ಲಾಡಲಿಲ್ಲ. ದಪ್ಪ ರೆಂಬೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಆರಾಮಾಗಿ ಕೂತಿದ್ದ. ಬಾಯಿ, ಬೆರಳು, ಅಂಗಿಯ ಕಾಲರು, ಎಲ್ಲಾ ಹಿಪ್ಪುನೇರಳೆ ಹಣ್ಣಿನ ಬಣ್ಣ!

"ಒಂದ್ನಿಮಿಷ ಮೇಡಂ. ಇನ್ನೊಂದು ರೆಂಬೆ ಬಾಕಿ ಇದೆ."

"ನಾಚಿಕೆ ಆಗಲ್ವಾ? ಇಷ್ಟುದ್ದ ಬೆಳೆದಿದ್ದೀರಿ... ಈ ಮರ ಇರೋದು ಮಕ್ಕಳಿಗೆ ಕಣ್ರೀ!"

ಅವನು ಆ ಇನ್ನೊಂದು ರೆಂಬೆಗೂ ದಾಟಿ, ಎರಡು ಸಲ ಕುಪ್ಪಳಿಸಿ ನೋಡಿ, ಆಮೇಲೆ ಧಪ್ಪನೆ ಅವಳೆದುರು ಇಳಿದ.

"ಎಪ್ಪತ್ತೆರಡು ಕೇಜಿ ತಡೀತು. ಮಕ್ಕಳಿಗೆ ಏನೂ ಭಯ ಇಲ್ಲ. ನಾನು ಭಾನುಪ್ರಕಾಶ್ ಅಂತ, ಕೆಂಚಾರ್ಲಹಳ್ಳಿಯೋನು. ನಿಮ್ಮ ಡ್ರಾಯಿಂಗ್ ನೋಡಿ ಕಟ್ಟಬೇಕಾಗಿರೋನು ನಾನೇ. 'ಮಕ್ಕಳು ಹತ್ತುವ ಮರ' ಅಂತ ಬರೆದಿದ್ರಲ್ಲ... ಹತ್ತಿ ನೋಡ್ದೆ."

ತನುಜಳ ಮುಖ ಕೆಂಪಾಯಿತು. ಕೋಪದಿಂದಲೋ ನಾಚಿಕೆಯಿಂದಲೋ ಅವಳಿಗೇ ಗೊತ್ತಾಗಲಿಲ್ಲ.

"ಮತ್ತೆ ಹಣ್ಣು?"

"ಅದನ್ನೂ ಟೆಸ್ಟ್ ಮಾಡ್ದೆ ಮೇಡಂ. ಪಾಸಾಯ್ತು."

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ನಕ್ಕೇಬಿಟ್ಟಳು.

ಶಿಡ್ಲಘಟ್ಟದ ಆ ಪಾರ್ಕಿನಲ್ಲಿ ಅವತ್ತು ಶುರುವಾಗಿದ್ದು ಬರೀ ಕೆಲಸವಲ್ಲ. ಆದರೆ ಅದು ಇಬ್ಬರಿಗೂ ಗೊತ್ತಾಗಲು ಇನ್ನೂ ಸಮಯವಿತ್ತು ಬಿಡಿ.

ತನುಜ ದಿಬ್ಬೂರಹಳ್ಳಿಯ ಹುಡುಗಿ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಟ್ಟಿ, ಉದ್ಯಾನ ವಿನ್ಯಾಸ ಓದಿ, ಮೂರು ವರ್ಷದಿಂದ ಬೆಂಗಳೂರಿನ ಆಫೀಸೊಂದರಲ್ಲಿ ದುಡಿಯುತ್ತಿದ್ದವಳು. ಪೂರ್ತಿ ತನ್ನದೇ ಎನ್ನುವಂಥ ಮೊದಲ ಕೆಲಸ ಇದು. ಪ್ಲಾಸ್ಟಿಕ್ ಜಾರುಬಂಡೆ ಇಲ್ಲದ, ಕಬ್ಬಿಣದ ಉಯ್ಯಾಲೆ ಇಲ್ಲದ ಮಕ್ಕಳ ಆಟದ ಜಾಗ. ಹುಲ್ಲು ಹೊದ್ದ ಮಣ್ಣಿನ ದಿಬ್ಬ, ಉರುಳಿ ಬಿದ್ದಂತೆ ಜೋಡಿಸಿದ ಗುಂಡುಬಂಡೆಗಳು, ನಡೆಯಲು ನೀಲಗಿರಿ ದಿಮ್ಮಿಗಳು, ಮರಳು, ಸಣ್ಣದೊಂದು ನೀರಿನ ಕಾಲುವೆ... ಎಲ್ಲದರ ನಡುವೆ ಆ ಹಿಪ್ಪುನೇರಳೆ ಮರ.

ಆ ಮರದ ಮೇಲೆ ಅವಳಿಗೆ ಯಾಕಷ್ಟು ಪ್ರೀತಿ?

ಈ ಸೀಮೆಯಲ್ಲಿ ಹಿಪ್ಪುನೇರಳೆ ಮರವಾಗುವುದೇ ಇಲ್ಲ. ಹುಳಕ್ಕೆ ಸೊಪ್ಪು ಬೇಕಲ್ಲ! ವರ್ಷಕ್ಕೊಮ್ಮೆ ಬುಡಕ್ಕೆ ಸವರುತ್ತಾರೆ, ಅಂದರೆ ಬುಡಮಟ್ಟ ಕತ್ತರಿಸಿಬಿಡುತ್ತಾರೆ. ಹೊಸ ಕಡ್ಡಿ ಎದ್ದು ಎಪ್ಪತ್ತು ದಿನಕ್ಕೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಹೀಗಾಗಿ ಆಳೆತ್ತರ ಮೀರಿದ ಗಿಡವೇ ಅಪರೂಪ. "ಹಿಪ್ಪುನೇರಳೆ ಮರ ಆಯ್ತು ಅಂದ್ರೆ ಯಜಮಾನ ಸೋಮಾರಿ ಅಂತ ಲೆಕ್ಕ," ಎನ್ನುತ್ತಿದ್ದರು ಅವಳ ಅಪ್ಪ ವೆಂಕಟರವಣಪ್ಪ. ಪಾರ್ಕಿನ ಪಂಪ್‌ಹೌಸ್ ಹಿಂದೆ ಯಾರ ಕಣ್ಣಿಗೂ ಬೀಳದೆ ಇದೊಂದು ಮಾತ್ರ ತನ್ನಿಷ್ಟದಂತೆ ಬೆಳೆದುಕೊಂಡಿತ್ತು. ತನ್ನ ಹಾಗೇ ಎಂದುಕೊಂಡಿದ್ದಳು ತನುಜ.

ಯಾಕೆಂದರೆ ಅವಳು ಈ ಓದು ಆರಿಸಿಕೊಂಡಾಗ ಅಪ್ಪ ಅಂದಿದ್ದ ಮಾತು ಇನ್ನೂ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

"ಮಕ್ಕಳು ಮಣ್ಣಾಡೋಕೂ ಓದ್ಬೇಕೇನಮ್ಮ?"

ಆಮೇಲೆ ಒಂದೇ ಒಂದು ದಿನವೂ ಅಪ್ಪ ಅವಳ ಕೆಲಸ ನೋಡಲು ಬಂದಿರಲಿಲ್ಲ. ಅವಳೂ ಮನೆಯಲ್ಲಿ ಕೆಲಸದ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದಳು.

* * *

ಪಾರ್ಕಿನ ಸಮಿತಿಯ ಅಧ್ಯಕ್ಷ ರಮೇಶ್‌ಬಾಬುಗೆ ಈ ಮರ ಕಂಡರಾಗುತ್ತಿರಲಿಲ್ಲ.

"ಏನಮ್ಮ ಇದು? ಹಣ್ಣು ಬಿದ್ರೆ ಮಕ್ಕಳ ಬಟ್ಟೆಗೆಲ್ಲಾ ಕಲೆ. ತೆಗೆದುಬಿಡಿ. ಕಲರ್ ಕಲರಾಗಿ ಒಂದು ಜಾರುಬಂಡೆ ನಿಲ್ಲಿಸಿ, ನೋಡೋಕೆ ಲಕ್ಷಣವಾಗಿರುತ್ತೆ!"

"ಕಲೆ ಆಗ್ಲಿ ಸಾರ್. ಕಲೆ ಆಗದೆ ಆಟ ಆಡಿದ್ರೆ ಅದೇನು ಆಟ?" ಎಂದಿದ್ದು ತನುಜ ಅಲ್ಲ, ಭಾನು!

ಅವತ್ತಿನಿಂದ ಅವಳ ಮನಸ್ಸು ಸ್ವಲ್ಪ ಸ್ವಲ್ಪವೇ ಅವನ ಕಡೆ ವಾಲಿತು. ದಿನವೂ ಬೆಳಗ್ಗೆ ಅವಳು ಈ ಕೆಲಸಕ್ಕೆಂದು ಹಿಡಿದಿದ್ದ ಚಿಕ್ಕಬಳ್ಳಾಪುರದ ಬಾಡಿಗೆ ರೂಮಿನಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಅವನು ಬಂದಾಗಿರುತ್ತಿತ್ತು. ಒಂದೊಂದು ಬಂಡೆಯನ್ನೂ ಅಲುಗಾಡಿಸಿ, ಅಂಚುಗಳನ್ನು ಅಂಗೈಯಿಂದ ಸವರಿ ನೋಡುತ್ತಿದ್ದ. ಚೂಪು ಸಿಕ್ಕಿದರೆ ತಾನೇ ಉಜ್ಜುತ್ತಿದ್ದ.

"ಮಷೀನ್ ಇದೆಯಲ್ಲ ಭಾನು ಅವ್ರೇ, ಕೈಯಲ್ಲಿ ಯಾಕೆ?"

"ಮಗು ಮುಟ್ಟೋದು ಕೈಯಲ್ಲಲ್ವಾ ಮೇಡಂ?"

ಹೀಗೆಲ್ಲಾ ಮಾತಾಡಿದರೆ ಹುಡುಗಿಯಾದವಳು ತಾನೆ ಏನು ಮಾಡಬೇಕು, ಹೇಳಿ!

ಒಂದು ಮಧ್ಯಾಹ್ನ ಅವನು ಟೆಂಪೋ ತುಂಬಾ ಹಳೇ ಚಂದ್ರಿಕೆಗಳನ್ನು ತಂದಿಳಿಸಿದ. ಪೂರ್ತಿ ಬೆಳೆದು ಹಣ್ಣಾದ ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿಡುವ, ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗಳು ಅವು. "ಇವನ್ನ ನಿಲ್ಲಿಸಿ ಗೋಡೆ ಮಾಡಣ. ಮಕ್ಕಳು ಕಣ್ಣಾಮುಚ್ಚಾಲೆ ಆಡ್ತಾರೆ," ಎಂದ. ತನುಜ ಒಂದನ್ನು ಮುಟ್ಟಿ ನೋಡಿದಳು. ಹುಳಮನೆಯ ಅದೇ ವಾಸನೆ. ಸುಮ್ಮನೆ ಕಣ್ಣು ತುಂಬಿ ಬಂತು.

"ಏನಾಯ್ತು ಮೇಡಂ?"

ಅವಳು ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದಳು. ಅಪ್ಪನ ಮಾತು, ಮೂರು ವರ್ಷದ ಮೌನ, ಎಲ್ಲಾ.

"ಬೈದ್ರೂ ಪರವಾಗಿಲ್ಲ ಭಾನು... ಒಂದ್ಸಲ ಬಂದು ನೋಡಿದ್ರೆ ಸಾಕಿತ್ತು. ಅಷ್ಟೇ ನನ್ನಾಸೆ."

ಅವನು ರೆಂಬೆಗೆ ಕೈ ಚಾಚಿದ. ಮರದಿಂದ ನಾಲ್ಕು ಹಣ್ಣು ಕಿತ್ತು ಅವಳ ಅಂಗೈಯಲ್ಲಿಟ್ಟ. ಅವಳು 'ಭಾನು ಅವ್ರೇ' ಹೋಗಿ 'ಭಾನು' ಅಂದಿದ್ದನ್ನು ಮಾತ್ರ ಗಮನಿಸಿದ್ದ, ಕಳ್ಳ!

ಮೇ ತಿಂಗಳ ಕೊನೆಗೆ ದಿಬ್ಬದ ಮೇಲೆ ಹುಲ್ಲು ಹಿಡಿಯಿತು. ಕಾಲುವೆಯಲ್ಲಿ ನೀರು ಹರಿಯಿತು.

"ತನುಜ ಅವ್ರೇ," ಎಂದ ಅವನು ಒಂದು ಸಂಜೆ. ಮೇಡಂ ಅನ್ನಲಿಲ್ಲ! "ಕೆಲಸ ಮುಗಿದ ದಿನ ನಿಮಗೊಂದು ಮಾತು ಹೇಳೋದಿದೆ."

ಅವಳು ಥಟ್ಟನೆ ಅವನ ಕಡೆ ತಿರುಗಿದಳು. "ಈಗ್ಲೇ ಹೇಳಬಹುದಲ್ಲ?"

"ಊಹ್ಞೂಂ. ನೀವು ನನ್ನ ಬೈದ್ರಲ್ಲ... ಆ ಮರದ ಕೆಳಗೇ ಹೇಳ್ಬೇಕು."

ಅವತ್ತು ಬಸ್ಸಿನಲ್ಲಿ ಚಿಕ್ಕಬಳ್ಳಾಪುರದವರೆಗೂ ತನುಜ ಕಿಟಕಿಯ ಕಡೆ ತಿರುಗಿ ನಗುತ್ತಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ಇವಳನ್ನೇ ನೋಡಿದರು.

* * *

ಜೂನ್ ನಾಲ್ಕು. ಆ ದಿನಾಂಕವನ್ನು ಅವಳು ಮರೆಯಲಾರಳು.

ಬೆಳಗ್ಗೆ ಪಾರ್ಕಿನ ಗೇಟು ದಾಟಿದವಳೇ ನಿಂತುಬಿಟ್ಟಳು. ಆಕಾಶ ಎಂದಿಗಿಂತ ದೊಡ್ಡದಾಗಿ ಕಾಣುತ್ತಿತ್ತು... ಏನೋ ಇಲ್ಲ. ಏನು?

ಮರ ಇರಲಿಲ್ಲ!

ಮೊಣಕಾಲೆತ್ತರದ ಬೊಡ್ಡೆ. ಸುತ್ತಲೂ ಮರದ ಪುಡಿ. ಪಕ್ಕದಲ್ಲಿ ಭಾನುವಿನ ಗರಗಸ. ಭಾನು ಕಡಿದ ರೆಂಬೆಗಳನ್ನು ಒಂದು ಬದಿಗೆ ಎಳೆದು ಹಾಕುತ್ತಿದ್ದ. ದೂರದಲ್ಲಿ ರಮೇಶ್‌ಬಾಬು ಸೊಂಟದ ಮೇಲೆ ಕೈಯಿಟ್ಟು, "ಅಂತೂ ಒಳ್ಳೇ ಕೆಲಸ ಆಯ್ತು," ಎಂದು ಖುಷಿಯಿಂದ ನಿಂತಿದ್ದ.

"ಭಾನು... ಯಾರು? ಯಾರು ಮಾಡಿದ್ದು ಇದು?"

ಅವನು ರೆಂಬೆ ಎಳೆಯುವುದನ್ನು ನಿಲ್ಲಿಸಿದ. ಅವಳ ಮುಖ ನೋಡಿದ, ಬೊಡ್ಡೆ ನೋಡಿದ.

"ನಾನೇ," ಎಂದ.

"ಸುಳ್ಳು! ನೀವಲ್ಲ. ನೀವು ಹೀಗೆ ಮಾಡಲ್ಲ. ಇವರು ಬಲವಂತ ಮಾಡಿದ್ರಾ? ಹೇಳಿ!"

"ಯಾರೂ ಬಲವಂತ ಮಾಡ್ಲಿಲ್ಲ. ನಾನೇ ಕಡಿದೆ... ಚಿಗುರುತ್ತೆ ತನುಜ. ಹಿಪ್ಪುನೇರಳೆ ಅಲ್ವಾ? ಚಿಗುರೇ ಚಿಗುರುತ್ತೆ."

"ಚಿಗುರೋದಾ? ಹದಿನೈದು ವರ್ಷದ ಮರ ಭಾನು! ಮಕ್ಕಳು ಇನ್ಯಾವತ್ತು ಹತ್ತಬೇಕು?" ಅವಳ ದನಿ ಒಡೆಯಿತು. "ನಿಮ್ಮನ್ನ ಎಷ್ಟು ನಂಬಿದ್ದೆ ನಾನು! ಕಲೆ ಆಗ್ಲಿ ಅಂದೋರು ನೀವೇ, ಈಗ ಗರಗಸ ಹಿಡಿದೋರೂ ನೀವೇ! ಇಷ್ಟೇನಾ ನಿಮ್ಮ ಮಾತಿನ ಬೆಲೆ?"

ಅವನು ತಲೆ ತಗ್ಗಿಸಿಕೊಂಡೇ ನಿಂತಿದ್ದ. ಒಂದೇ ಒಂದು ಮಾತು ಎದುರಾಡಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

"ಆ ಮರದ ಕೆಳಗೆ ಏನೋ ಹೇಳ್ತೀನಿ ಅಂದಿದ್ರಲ್ಲ... ಇನ್ನು ಹೇಳೋದೇನೂ ಬೇಡ."

ಅಷ್ಟೇ. ಆಮೇಲೆ ತನುಜ ಆ ಪಾರ್ಕಿಗೆ ಕಾಲಿಡಲಿಲ್ಲ. ಉಳಿದ ಕೆಲಸವನ್ನು ಫೋನಿನಲ್ಲೇ, ಆಫೀಸಿನವರ ಮೂಲಕವೇ ನೋಡಿಕೊಂಡಳು. ಮುಂದಿನ ಗೌರಿಬಿದನೂರು ಪಾರ್ಕಿಗೆ ಬೇರೆ ಮೇಸ್ತ್ರಿಯನ್ನು ಹುಡುಕಿ ಎಂದುಬಿಟ್ಟಳು. ರಾತ್ರಿ ದಿಂಬು ಒದ್ದೆಯಾಗುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮರಕ್ಕಾಗಿ ಅಳುತ್ತಿದ್ದೇನೋ ಅವನಿಗಾಗಿಯೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಕೋಪ!

ಆಗಸ್ಟ್ ಹನ್ನೊಂದಕ್ಕೆ ಅವನಿಂದ ಒಂದು ಮೆಸೇಜ್ ಬಂತು.

'ಕೆಲಸ ಮುಗಿಯಿತು. ಹದಿನೈದಕ್ಕೆ ಪಾರ್ಕ್ ಮಕ್ಕಳಿಗೆ ತೆರೀತಾರೆ. ಹದಿನಾರಕ್ಕೆ ನಾನು ಹೊಸೂರಿಗೆ ಹೋಗ್ತಿದ್ದೀನಿ, ಅಲ್ಲೇ ಎರಡು ವರ್ಷದ ಕೆಲಸ. ಅಷ್ಟರೊಳಗೆ ಒಂದ್ಸಲ ಬಂದು ನೋಡಿ.'

ಅವಳು ಹತ್ತು ಸಲ ಓದಿದಳು. ಉತ್ತರ ಬರೆಯಲಿಲ್ಲ.

* * *

ಆಗಸ್ಟ್ ಹದಿಮೂರರ ಸಂಜೆ. ರಜೆಗೆಂದು ದಿಬ್ಬೂರಹಳ್ಳಿಗೆ ಬಂದಿದ್ದ ತನುಜ ಅಂಗಳದಲ್ಲಿ ಅಮ್ಮ ಗಂಗುಲಮ್ಮನ ಜೊತೆ ಹುಳಕ್ಕೆ ಸೊಪ್ಪು ಬಿಡಿಸುತ್ತಿದ್ದಳು. ವೆಂಕಟರವಣಪ್ಪ ತೋಟದಿಂದ ಬಂದು ಕಟ್ಟೆಯ ಮೇಲೆ ಕೂತರು. ಏನೋ ಹೇಳಬೇಕು, ಹೇಗೆ ಹೇಳಬೇಕೋ ತಿಳಿಯದು ಎನ್ನುವಂತೆ ಟವೆಲ್ಲಿನಿಂದ ಮೂರು ಸಲ ಮುಖ ಒರೆಸಿಕೊಂಡರು.

"ತಲ್ಲೀ... ಇವತ್ತಿಗೆ ಎಪ್ಪತ್ತು ದಿನ ಆಯ್ತಲ್ಲ. ಚೆನ್ನಾಗಿ ಚಿಗುರಿತಾ?"

"ಯಾವುದಪ್ಪ? ನಮ್ಮ ಕೆಳಗಿನ ತೋಟಾನಾ?"

"ಅಲ್ಲಮ್ಮ. ನಿನ್ನ ಪಾರ್ಕಿನ ಗಿಡ. ನಾನು ಸವರಿದ್ನಲ್ಲ."

ತನುಜಳ ಕೈಯಲ್ಲಿದ್ದ ಕಡ್ಡಿ ಜಾರಿ ಬಿತ್ತು.

"ನೀನು... ನೀನು ಸವರಿದ್ಯಾ?"

ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ನಕ್ಕರು.

"ಶಿಡ್ಲಘಟ್ಟದಲ್ಲಿ ನಿನ್ನ ಪಾರ್ಕು ಆಗ್ತಿದೆ ಅಂತ ಯಾರೋ ಅಂದ್ರು, ನಿಂಗೆ ಹೇಳದೇನೇ ಮೊದಲನೇ ಬಸ್ಸಿಗೆ ಬಂದಿದ್ದೆ ಕಣಮ್ಮ. ನೋಡ್ದೆ... ಆ ದಿಬ್ಬ, ಆ ನೀರು, ಆ ಬಂಡೆ. ಚಂದ್ರಿಕೆ ಬೇರೆ ನಿಲ್ಲಿಸಿದ್ದೀಯ! ಒಬ್ಬನೇ ನಿಂತು ಅತ್ತುಬಿಟ್ಟೆ. ಮಣ್ಣಾಡೋಕೆ ಓದ್ಬೇಕಾ ಅಂದಿದ್ನಲ್ಲ, ನಂದೂ ಒಂದು ಬಾಯಾ ಅನ್ನಿಸ್ತು."

"ಅಪ್ಪಾ..."

"ಎಲ್ಲಾ ಸರಿ, ಮಧ್ಯದಲ್ಲಿ ನೋಡಿದ್ರೆ ಹಿಪ್ಪುನೇರಳೆ ಮರ ಆಗೋಗಿದೆ! ವೆಂಕಟರವಣಪ್ಪನ ಮಗಳ ಪಾರ್ಕಲ್ಲಿ ಸವರದೇ ಇರೋ ಗಿಡಾನಾ? ಊರೋರು ನಗಲ್ವಾ ನಿನ್ನ? ಸಾಮಾನಿನ ಶೆಡ್ಡಿನ ಬಾಗಿಲು ತೆಗೆದಿತ್ತು, ಒಳಗೆ ಗರಗಸ ಇತ್ತು. ನನ್ನ ಮಗಳ ಕೆಲಸಕ್ಕೆ ನಂದೂ ಒಂದು ಕೈ ಇರ್ಲಿ ಅಂತ ಬುಡಕ್ಕೆ ಸವರಿ, ಗೊಬ್ಬರಾನೂ ಹಾಕ್ದೆ."

ಗಂಗುಲಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಕೇಳ್ದೇ ಮಾಡೋದಾ?"

ತನುಜ ಮುಂದಿದ್ದ ಸೊಪ್ಪನ್ನು ಬದಿಗೆ ಸರಿಸಿದಳು. "ಅಲ್ಲಿ... ಯಾರೂ ಇರ್ಲಿಲ್ವಾ ಅಪ್ಪ?"

"ಆ ಹುಡುಗ ಬಂದ, ಭಾನು ಅಂತ. ಬಂದವನೇ ಬೆಪ್ಪಾಗಿ ನಿಂತ್ಬಿಟ್ಟ. ಯಾಕಪ್ಪ ಅಂದೆ. ಬೊಡ್ಡೆ ಮುಟ್ಟಿ ನೋಡಿ, 'ಏನಿಲ್ಲ ಯಜಮಾನ್ರೇ, ಚೆನ್ನಾಗಿ ಸವರಿದ್ದೀರಿ' ಅಂದ. ಟೀ ಕುಡಿಸಿ ಬಸ್ಸು ಹತ್ತಿಸ್ದ. ಚಿಗುರಿದ ಮೇಲೆ ಮಗಳಿಗೆ ನಾನೇ ಹೇಳ್ತೀನಿ, ಅಲ್ಲೀವರ್ಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ದೆ. ಹೇಳ್ಲಿಲ್ಲ ತಾನೆ?"

ಹೇಳಲಿಲ್ಲ. ಎಲ್ಲರೆದುರು ಬೈಸಿಕೊಂಡ. ಗೌರಿಬಿದನೂರಿನ ಕೆಲಸ ಕಳೆದುಕೊಂಡ. ಅವಳನ್ನೂ ಕಳೆದುಕೊಂಡ. ಆದರೂ ಹೇಳಲಿಲ್ಲ!

ತನುಜ ಎದ್ದು ಹೋಗಿ ಅಪ್ಪನ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಅಪ್ಪನಿಗೆ ಗಾಬರಿ.

"ಏಮೈಂದಿ ತಲ್ಲೀ? ಏನಾಯ್ತಮ್ಮ? ಚಿಗುರಲಿಲ್ವಾ? ನಾನೇನಾದ್ರೂ ಹಾಳು ಮಾಡಿದ್ನಾ?"

ಅವಳಿಗೆ ಒಂದು ಕ್ಷಣ ನಿಜ ಹೇಳಬೇಕೆನಿಸಿತು. ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿದ್ದ ಸಂತೋಷವನ್ನೇ ಭಾನುವೂ ಅವತ್ತು ನೋಡಿರಬೇಕು.

"ಇಲ್ಲಪ್ಪ," ಎಂದಳು ಕಣ್ಣೊರೆಸಿಕೊಂಡು. "ನೀನು ಬಂದು ನೋಡಿದ್ಯಲ್ಲ... ಅಷ್ಟೇ ಸಾಕು ನಂಗೆ. ಚಿಗುರಿದೆಯಾ ಅಂತ ನಾಳೆ ನೋಡ್ಕೊಂಡು ಬರ್ತೀನಿ."

* * *

ಮರುದಿನ ಮೊದಲನೇ ಬಸ್ಸು. ಅಪ್ಪ ಹತ್ತಿದ್ದ ಅದೇ ಬಸ್ಸು.

ಶಿಡ್ಲಘಟ್ಟದಲ್ಲಿ ಇಳಿದು ಅವಳು ಹೆಚ್ಚುಕಮ್ಮಿ ಓಡಿದಳು. ಅವನು ಇರುತ್ತಾನೋ ಇಲ್ಲವೋ? ಇದ್ದರೂ ನನ್ನ ಮುಖ ನೋಡುತ್ತಾನಾ? ಅಂದ ಮಾತನ್ನೆಲ್ಲಾ ಹೇಗೆ ವಾಪಸ್ಸು ತೆಗೆದುಕೊಳ್ಳಲಿ ದೇವರೇ...

ಪಾರ್ಕಿನ ಒಳಗೆ ಬಂದವಳು ಕಂಡಿದ್ದನ್ನು ನಂಬಲಾರದೆ ನಿಂತಳು.

ಬೊಡ್ಡೆ ಇದ್ದ ಜಾಗದಲ್ಲಿ ಒಂದು ಹಸಿರು ಗುಡಿಸಲು! ಬುಡದಿಂದ ಎದ್ದ ಹತ್ತಿಪ್ಪತ್ತು ಕಡ್ಡಿಗಳು ಆಳೆತ್ತರ ಬೆಳೆದಿದ್ದವು. ಅವುಗಳಲ್ಲಿ ಒಂದನ್ನೂ ಮುರಿಯದೆ ಹೊರಕ್ಕೆ ಬಾಗಿಸಿ, ತುದಿಗಳನ್ನು ನೆಲದಲ್ಲಿ ನೆಟ್ಟ ಬಿದಿರು ಕಮಾನುಗಳಿಗೆ ಹಳೇ ಬಟ್ಟೆಯ ಪಟ್ಟಿಗಳಿಂದ ಕಟ್ಟಲಾಗಿತ್ತು. ಅಂಗೈಯಗಲದ ಎಲೆಗಳೇ ಸೂರು. ಮಕ್ಕಳು ಮಾತ್ರ ಸಲೀಸಾಗಿ ನುಗ್ಗುವಷ್ಟು ಗಿಡ್ಡ ಬಾಗಿಲು.

ಆ ಬಾಗಿಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಭಾನು ಒಂದು ಗಂಟು ಸಡಿಲಿಸುತ್ತಿದ್ದ.

"ಬಿಗಿಯಾದ್ರೆ ಕಡ್ಡಿಗೆ ನೋವಾಗುತ್ತೆ," ಎಂದ, ತಿರುಗದೆಯೇ. ಹೆಜ್ಜೆ ಸಪ್ಪಳದಿಂದಲೇ ಅವಳೆಂದು ಗೊತ್ತಾಗಿತ್ತೋ ಏನೋ. "ದಿನಾ ಸ್ವಲ್ಪ ಸ್ವಲ್ಪ ಬಾಗಿಸ್ಬೇಕು. ಅವಸರ ಮಾಡಿದ್ರೆ ಮುರಿಯುತ್ತೆ."

"ಅಪ್ಪ ಎಲ್ಲಾ ಹೇಳಿದ್ರು," ಎಂದಳು ತನುಜ.

ಅವನ ಬೆರಳುಗಳು ನಿಂತವು.

"ಯಾಕೆ ಭಾನು? ಯಾಕೆ ಹೇಳ್ಲಿಲ್ಲ? ನಾನು ಬಾಯಿಗೆ ಬಂದಂಗೆ ಬೈತಿದ್ರೂ..."

ಅವನು ನಿಧಾನವಾಗಿ ಎದ್ದ. ಕೈಯ ಮಣ್ಣು ಒರೆಸಿಕೊಂಡ.

"ಅಪ್ಪ ಒಂದ್ಸಲ ಬಂದು ನೋಡಿದ್ರೆ ಸಾಕು ಅಂದಿದ್ರಿ. ಅವತ್ತು ಬಂದಿದ್ರು. ಬೆವರು ಸುರಿಸ್ಕೊಂಡು, 'ನನ್ ಮಗಳ ಪಾರ್ಕು' ಅಂತ ಎಷ್ಟು ಖುಷಿಯಾಗಿ ನಿಂತಿದ್ರು ಗೊತ್ತಾ? ನಿಮ್ಮ ಕೋಪ ಅವರ ಮೇಲೆ ಹೋಗಿದ್ರೆ ಅವರು ಇನ್ನೊಂದ್ಸಲ ಬರ್ತಿದ್ರಾ? ನನ್ನ ಮೇಲಾದ್ರೆ... ಎಪ್ಪತ್ತು ದಿನ ತಾನೆ, ತಡ್ಕೊಂಡ್ರಾಯ್ತು ಅಂದ್ಕೊಂಡೆ."

"ಎಪ್ಪತ್ತು ದಿನ ತಾನೇನಾ?" ಅವಳಿಗೆ ಅಳುವಿನ ಮಧ್ಯೆಯೂ ಸಿಟ್ಟು ಬಂತು. "ನಾನು ಹೇಗಿದ್ದೆ ಅಂತ ಗೊತ್ತಾ ನಿಂಗೆ? ಊಟ ಸೇರ್ತಿರಲಿಲ್ಲ, ನಿದ್ದೆ ಬರ್ತಿರಲಿಲ್ಲ. ನನ್ನ ನೋವು ನೀನೊಬ್ಬನೇ ಹೊತ್ಕೊಂಡ್ರೆ ನಾನ್ಯಾಕೆ ಬೇಕು? ಇನ್ಮೇಲೆ ಹೀಗೆ ಮಾಡಿದ್ರೆ ನೋಡು!"

"ಇನ್ಮೇಲೆ?" ಎಂದ ಭಾನು. ಅವನ ಕಣ್ಣಲ್ಲಿ ಹಳೆಯ ತುಂಟತನ ಮಿಂಚಿತು. "ಹದಿನಾರಕ್ಕೆ ಹೊಸೂರಿಗೆ ಹೋಗೋನಿಗೆ ಇನ್ಮೇಲೆ ಎಲ್ಲಿಂದ ಬಂತು?"

"ಹೋಗ್ಬೇಡ."

ಆ ಒಂದೇ ಮಾತು ಹೇಳಲು ಅವಳಿಗೆ ಎಷ್ಟು ಧೈರ್ಯ ಬೇಕಾಯಿತು!

"ತಪ್ಪಾಯ್ತು ಭಾನು. ನಂಬಿದ್ದೆ ಅಂತ ಬಾಯಲ್ಲಿ ಅಂದೆ, ನಂಬಲಿಲ್ಲ. ಕ್ಷಮಿಸ್ತೀಯೋ ಬಿಡ್ತೀಯೋ... ಹೋಗ್ಬೇಡ ಅಷ್ಟೇ. ಗೌರಿಬಿದನೂರು ಪಾರ್ಕಲ್ಲಿ ದೊಡ್ಡ ಹುಣಸೇಮರ ಇದೆ. ಹತ್ತಿ ನೋಡೋರು ಯಾರೂ ಇಲ್ಲ."

ಅವನು ಜೋರಾಗಿ ನಕ್ಕ. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ.

"ಕ್ಷಮಿಸೋಕೇನಿದೆ? ಕೋಪಾನೇ ಬಂದಿರ್ಲಿಲ್ಲ ನಂಗೆ. ಭಯ ಆಗಿತ್ತು, ನೀನು ಬರೋದೇ ಇಲ್ವೇನೋ ಅಂತ." ಮೊದಲ ಸಲ 'ನೀನು' ಅಂದಿದ್ದ.

"ಅವತ್ತು ಏನೋ ಹೇಳೋದಿದೆ ಅಂದಿದ್ಯಲ್ಲ..." ಅವಳು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದಳು.

"ಮರದ ಕೆಳಗೆ ಹೇಳ್ತೀನಿ ಅಂದಿದ್ದೆ. ಮರ ಎಲ್ಲಿದೆ?"

"ಮರ ಇಲ್ದಿದ್ರೆ ಏನಾಯ್ತು? ಮನೆ ಕಟ್ಟಿದ್ದೀಯಲ್ಲ."

ಇಬ್ಬರೂ ಬಗ್ಗಿ, ತಲೆಗೆ ಎಲೆ ತಾಗಿಸಿಕೊಂಡು, ಆ ಗಿಡ್ಡ ಬಾಗಿಲಿನಿಂದ ಒಳಗೆ ನುಸುಳಿದರು. ಒಳಗೆ ಹಸಿರು ಬೆಳಕು, ಹಸಿ ಮಣ್ಣಿನ ತಂಪು. ನಡುವಿನ ಬೊಡ್ಡೆಗೆ ಬೆನ್ನು ಕೊಟ್ಟು ಕೂತರು. ಮಕ್ಕಳ ಅಳತೆಗೆ ಕಟ್ಟಿದ ಜಾಗವಾದ್ದರಿಂದ ಭುಜಕ್ಕೆ ಭುಜ ತಾಗದೆ ಕೂರಲು ದಾರಿಯೇ ಇರಲಿಲ್ಲ ಬಿಡಿ!

"ಹೇಳು," ಎಂದಳು ಪಿಸುದನಿಯಲ್ಲಿ.

"ನೀನು ಬೈದ ದಿನಾನೇ ನಾನು ಬಿದ್ದೆ ತನು. ಮರದಿಂದ ಇಳಿದೆ ಅಂದ್ಕೊಂಡೆ... ಬಿದ್ದಿದ್ದೆ. ನನ್ನ ಮದುವೆ ಆಗ್ತೀಯಾ?"

ಅವಳು ಅವನ ಕಡೆ ತಿರುಗಿದಳು. ಅವನ ಒರಟು ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಅಷ್ಟು ಸಾಲದೇ?

ಸ್ವಲ್ಪ ಹೊತ್ತಿನ ಮೇಲೆ ಭಾನು ಇದ್ದಕ್ಕಿದ್ದಂತೆ ನೆಟ್ಟಗಾದ.

"ತನು, ಒಂದು ಯೋಚನೆ. ಎಪ್ಪತ್ತು ದಿನ ಆಯ್ತಲ್ಲ... ನಿಮ್ಮಪ್ಪ ಸೊಪ್ಪು ಕೊಯ್ಯೋಕೆ ಬರ್ತಾರೆ!"

"ಬಂದೇ ಬರ್ತಾರೆ. ನಿನ್ನೇನೇ ಕುಡುಗೋಲು ಹುಡುಕ್ತಿದ್ರು."

"ಅಯ್ಯಯ್ಯೋ! ಈ ಮನೆ ಗತಿ?"

ತನುಜ ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಈ ಸಲ ಬಾಯಿ ಬಿಟ್ಟು ಹೇಳು. ಅಳಿಯ ಹೇಳಿದ್ರೆ ಕೇಳ್ತಾರೆ."